ಆಟ ನಿಲ್ಲುವ ವಯಸ್ಸು

(ಹೈಸ್ಕೂಲು ಶಿಕ್ಷಕರ ಹಾಗೂ ಪೋಷಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಹಳೆಯ ಮೈಸೂರಿನಲ್ಲಿ ಹದಿನಾಲ್ಕು ಹದಿನೈದರ ಹುಡುಗ ಬೆಳಗಿನ ಜಾವ ಎದ್ದು ಎಲ್ಲಿಗೆ ಹೋದನೆಂದು ಮನೆಯವರು ಹುಡುಕಬೇಕಾಗಿರಲಿಲ್ಲ. ಕೇರಿಯಲ್ಲೇ ಗರಡಿಮನೆ ಇತ್ತು. ತಗ್ಗು ಬಾಗಿಲು, ಒಳಗೆ ಮಬ್ಬು ಬೆಳಕು, ಗೋಡೆಯ ಮೇಲೆ ಹನುಮಂತ, ನಡುವೆ ಕೆಮ್ಮಣ್ಣು ತುಂಬಿದ ಮಟ್ಟಿ. ಹೊಸದಾಗಿ ಬಂದವನಿಗೆ ಕುಸ್ತಿಯ ಪಟ್ಟುಗಳನ್ನು ಕೂಡಲೇ ಹೇಳಿಕೊಡುತ್ತಿರಲಿಲ್ಲ. ಮೊದಲು ಮಟ್ಟಿ ಅಗೆದು ಮಣ್ಣು ಹದ ಮಾಡಬೇಕು, ದಂಡ ಹೊಡೆಯಬೇಕು, ಬಸ್ಕಿ ತೆಗೆಯಬೇಕು. ಹುಡುಗನ ಊಟ, ನಿದ್ದೆ, ಸಹವಾಸಗಳ ಮೇಲೂ ಉಸ್ತಾದರ ಕಣ್ಣಿರುತ್ತಿತ್ತು. ದಸರಾ ಕುಸ್ತಿಯ ಕನಸು ಬೇರೆ. ಬೆಂಗಳೂರು ಪೇಟೆಯಲ್ಲೂ ಇಂಥ ಗರಡಿಗಳಿದ್ದವು. ಅಲ್ಲಿಯ ಕರಗದ ವೀರಕುಮಾರರಿಗೂ ಗರಡಿಗೂ ಹಳೆಯ ನಂಟು. ಜಾಗ, ಹೊತ್ತು, ಹೇಳಿಕೊಡುವವರು, ಮೂರೂ ಕಾಲ್ನಡಿಗೆಯ ದೂರದಲ್ಲಿ ಸಿಗುತ್ತಿದ್ದವು.

ಆ ಕಾಲವನ್ನು ಹೊಗಳಿ ಇಂದಿನ ಮಕ್ಕಳನ್ನು ಸೋಮಾರಿಗಳೆಂದು ಬೈಯುವುದು ಸುಲಭ. ಆದರೆ ಗರಡಿಯ ಹೊಸ್ತಿಲನ್ನು ಹೆಣ್ಣುಮಕ್ಕಳು ದಾಟುವಂತಿರಲಿಲ್ಲ. ಅವರಿಗಿದ್ದದ್ದು ಬೀದಿಯ ಕುಂಟೆಬಿಲ್ಲೆ, ಹಗ್ಗದಾಟ, ಕಣ್ಣಾಮುಚ್ಚಾಲೆ, ಅದೂ ಮೈನೆರೆಯುವವರೆಗೆ. ಆರತಿ ಎತ್ತಿ, ಚಿಗಳಿ ತಿನ್ನಿಸಿ, ಹೊಸ ಸೀರೆ ಉಡಿಸಿದ ದಿನವೇ ಬೀದಿಯ ಆಟ ಮುಗಿಯುತ್ತಿತ್ತು. ಇನ್ನು ಆಡಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹುಡುಗಿಗೆ ತಾನೇ ತಿಳಿಯುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 146 ದೇಶಗಳ, 11ರಿಂದ 17 ವರ್ಷದ ಸುಮಾರು 16 ಲಕ್ಷ ಶಾಲಾ ಮಕ್ಕಳ ಮಾಹಿತಿ ಅದಕ್ಕೆ ಆಧಾರ. ಈ ವಯಸ್ಸಿನವರು ದಿನಕ್ಕೆ ಒಂದು ಗಂಟೆಯಾದರೂ ಮೈಬಿಸಿಯಾಗುವಂತೆ ಓಡಾಡಬೇಕು ಎಂಬುದು ಆ ಸಂಸ್ಥೆಯ ಸಲಹೆ. 2016ರ ಲೆಕ್ಕದಲ್ಲಿ ನೂರಕ್ಕೆ 81 ಮಕ್ಕಳು ಅಷ್ಟನ್ನೂ ಮಾಡುತ್ತಿರಲಿಲ್ಲ. ಹುಡುಗರಲ್ಲಿ ಈ ಪ್ರಮಾಣ 78, ಹುಡುಗಿಯರಲ್ಲಿ 85.

ಭಾರತದ ಸ್ಥಿತಿ ಇದಕ್ಕಿಂತ ತುಸು ವಾಸಿ ಎಂದು ಕಂಡುಬಂತು. ಹೆಮ್ಮೆಪಡುವ ಮೊದಲು ಕಾರಣ ನೋಡಬೇಕು. ಹುಡುಗರ ಮಟ್ಟಿಗೆ ಅದು ಕ್ರಿಕೆಟ್ ಇರಬಹುದು, ಹುಡುಗಿಯರ ಮಟ್ಟಿಗೆ ಮನೆಗೆಲಸವಿರಬಹುದು ಎಂಬುದು ತಜ್ಞರ ಊಹೆ. ಹೊತ್ತ ಕೊಡ, ಗುಡಿಸಿದ ಅಂಗಳ, ತಿಕ್ಕಿದ ಪಾತ್ರೆ ವ್ಯಾಯಾಮದ ಲೆಕ್ಕಕ್ಕೆ ಸೇರುತ್ತವೆ, ಆಟದ ಲೆಕ್ಕಕ್ಕಲ್ಲ! ನಗರದಲ್ಲಿ ಅಡುಗೆಮನೆಗೇ ನಲ್ಲಿ ಬಂತು, ರುಬ್ಬುವ ಕಲ್ಲಿನ ಬದಲು ಗ್ರೈಂಡರ್ ಬಂತು. ಒಳ್ಳೆಯದೇ ಆಯಿತು. ಆದರೆ ಹಾಗೆ ಉಳಿದ ಹೊತ್ತು ಹುಡುಗಿಗೆ ಆಟವಾಗಿ ಸಿಗಲಿಲ್ಲ. ಅದು ಟ್ಯೂಷನ್ನಿಗೆ ಹೋಯಿತು, ಮಿಕ್ಕದ್ದು ಮೊಬೈಲಿಗೆ.

ಮೂಳೆಯ ಗಟ್ಟಿತನದ ಬಹುಭಾಗ ಇಪ್ಪತ್ತರೊಳಗೇ ಕೂಡಿಕೊಳ್ಳುತ್ತದೆ. ಜಿಗಿತ, ಓಟಗಳ ಭಾರ ಬಿದ್ದಾಗಲೇ ಮೂಳೆ ಗಟ್ಟಿಯಾಗುವುದು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಆಗ ಖರ್ಚಿಗೆ ಒದಗುವುದು ಹರೆಯದಲ್ಲಿ ಕೂಡಿಟ್ಟ ಗಂಟು. ಮಂಡಿನೋವಿನ, ಸೊಂಟನೋವಿನ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗರೂ ಹತ್ತನೆಯ ತರಗತಿಗೆ ಬಂದರೆ ಇದೇ ಕಥೆ. ಪಿ.ಟಿ. ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ. ಬ್ಯಾಟು ಅಟ್ಟ ಸೇರುತ್ತದೆ.

ಇನ್ನು ಜಾಗದ ಮಾತು. ಉದ್ಯಾನ, ಆಟದ ಮೈದಾನಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ಬೆಂಗಳೂರಿನ ಬಡಾವಣೆಯೊಂದರಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ನಿವೇಶನವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಉದ್ಯಾನದ ಜಾಗದಲ್ಲಿ ಆಸ್ಪತ್ರೆ! ಕಥೆಗಾರರಿಗೂ ಇದು ಹೊಳೆಯುತ್ತಿರಲಿಲ್ಲ.

ಆದರೆ ಮೈದಾನ ಉಳಿದರೂ ಸಂಜೆ ಅಲ್ಲಿ ಕಾಣುವವರು ಹುಡುಗರೇ. ಅವರ ಆಟ ಇಡೀ ಬಯಲನ್ನು ತುಂಬುತ್ತದೆ; ಹುಡುಗಿಯರು ಅಂಚಿನಲ್ಲಿ ಎರಡು ಸುತ್ತು ನಡೆದು ಮನೆಗೆ ಹೋಗುತ್ತಾರೆ. ಇತ್ತ ಮೈದಾನವಿರುವ ಶಾಲೆಗಳ ಗೇಟಿಗೆ ಪಾಠ ಮುಗಿದ ಕೂಡಲೇ ಬೀಗ ಬೀಳುತ್ತದೆ. ಅದನ್ನು ವಾರದಲ್ಲಿ ಮೂರು ಸಂಜೆ ಹೆಣ್ಣುಮಕ್ಕಳಿಗೆಂದೇ ಇನ್ನೊಂದು ಗಂಟೆ ತೆರೆದಿಡಲು ಒಬ್ಬ ದೈಹಿಕ ಶಿಕ್ಷಕಿ, ಒಬ್ಬ ಕಾವಲುಗಾರ, ಒಂದು ಥ್ರೋಬಾಲ್ ನೆಟ್ ಸಾಕು. ಬೀಗದ ಕೈ ಇರುವವರೂ ಹೆಣ್ಣುಮಕ್ಕಳ ತಂದೆತಾಯಿಯರೂ ಇಂದು ಒಂದೇ ಸಭೆಯಲ್ಲಿ ಕುಳಿತಿದ್ದಾರೆ. ಏಳುವ ಮೊದಲು ಆ ಮೂರು ಸಂಜೆ ಯಾವುವೆಂದು ಗೊತ್ತುಮಾಡಬಹುದು.