ಅನುದಾನ ಕೇಳಲು ಸಂಕೋಚ ಬೇಡ



ನಾನು ಐಟಿ ಕಂಪನಿಯಲ್ಲಿ ಕೆಲಸ ಮಾಡುವವಳು, ವಿಜ್ಞಾನಿಯಲ್ಲ. ಆದರೂ ಸಂಶೋಧನಾ ಅನುದಾನಕ್ಕೆ ಪ್ರಸ್ತಾವ ಬರೆಯುವ ಬಗ್ಗೆ ಮಾತಾಡಲು ಒಪ್ಪಿಕೊಂಡೆ. ನಾನು ಬರೆದ ಒಂದೇ ಒಂದು ಪ್ರಸ್ತಾವ ತಿರಸ್ಕೃತವಾಗಿತ್ತು. ಅದು ಯಾಕೆ ಅಂತ ತಿಳಿದರೆ ನಿಮಗೆ ಉಪಯೋಗವಾದೀತು.

ಆಗ ಎಂ.ಟೆಕ್ ಎರಡನೇ ವರ್ಷ. ನಮ್ಮ ಅಡಿಕೆ ತೋಟದಲ್ಲಿ ಮಣ್ಣಿನ ತೇವ ನೋಡಿಕೊಂಡು ತಾನಾಗಿಯೇ ನೀರು ಬಿಡುವ ಸಾಧನ ಮಾಡಬೇಕೆಂಬ ಆಸೆ. ಉದ್ದೇಶ, ವಿಧಾನ ಎಲ್ಲ ಉತ್ಸಾಹದಿಂದ ಬರೆದೆ. ಬಜೆಟ್ ಪುಟಕ್ಕೆ ಬಂದಾಗ ಕೈ ಹಿಂಜರಿಯಿತು. ಜಾಸ್ತಿ ಕೇಳಿದರೆ ಏನಂದುಕೊಳ್ಳುತ್ತಾರೋ! ಅಪ್ಪನ ಹತ್ತಿರ ಫೀಸು ಕೇಳುವಾಗಲೂ ನನ್ನದು ಇದೇ ಬುದ್ಧಿ. ಅಗ್ಗದ ಎರಡು ಸೆನ್ಸರ್ ಬರೆದೆ. ಪ್ರಯಾಣಕ್ಕೆ ಸೊನ್ನೆ, ಆಕಸ್ಮಿಕ ಖರ್ಚಿಗೂ ಸೊನ್ನೆ.

ಸಂದರ್ಶನದಲ್ಲಿ ಪರಿಶೀಲಕರೊಬ್ಬರು ಕೇಳಿದರು: "ಈ ಲೋಹದ ಕಡ್ಡಿಯ ಸೆನ್ಸರ್ ಒದ್ದೆ ಮಣ್ಣಿನಲ್ಲಿ ತುಕ್ಕು ಹಿಡಿಯುತ್ತಲ್ಲಮ್ಮ, ಆಮೇಲೆ? ಅದು ತೋರಿಸುವ ಅಂಕಿ ಸರಿ ಅಂತ ಹೇಗೆ ನಂಬೋದು?"

ಉತ್ತರ ನನಗೆ ಗೊತ್ತಿತ್ತು. ಅದೇ ಮಣ್ಣನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಿದರೆ, ಕಡಿಮೆಯಾದ ತೂಕವೇ ನೀರು. ಅದರ ಜೊತೆ ಸೆನ್ಸರಿನ ಅಂಕಿಯನ್ನು ಹೋಲಿಸಬೇಕು. ಹೇಳಿದೆ.

"ಮತ್ತೆ ಇದನ್ನ ಯಾಕೆ ಬರೆದಿಲ್ಲ?"

"ಖರ್ಚು ಹೆಚ್ಚಾಗುತ್ತೆ ಅಂತ, ಸರ್."

ಅನುದಾನ ಸಿಗಲಿಲ್ಲ. ವಿಷಯ ಬದಲಿಸಿ, ಬರೀ ಸಾಫ್ಟ್‌ವೇರ್ ಪ್ರಾಜೆಕ್ಟ್ ಮಾಡಿ ಪದವಿ ಮುಗಿಸಿದೆ. ಅಪ್ಪ ಇವತ್ತಿಗೂ ಕರೆಂಟು ಬಂದಾಗ ರಾತ್ರಿ ಎದ್ದು ಹೋಗಿ ಮೋಟರು ಹಾಕುತ್ತಾರೆ.

ತಂಗಿಯರೇ, ಬಜೆಟ್ ಅಂದರೆ ನಿಮ್ಮ ವಿಧಾನವನ್ನೇ ರೂಪಾಯಿಯಲ್ಲಿ ಬರೆದದ್ದು. ಮೊದಲು ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಎರಡು ಮೂರು ಉದ್ದೇಶ ಸಾಕು. ಪ್ರತಿ ಉದ್ದೇಶಕ್ಕೆ ಒಂದು ವಿಧಾನ, ಪ್ರತಿ ವಿಧಾನಕ್ಕೆ ತಕ್ಕ ಖರ್ಚು, ಪ್ರತಿ ಖರ್ಚಿಗೆ "ಇದು ಯಾಕೆ" ಎಂಬ ಒಂದು ಸಾಲು ಇರಲಿ. ಬೇಡದ್ದನ್ನು ಸೇರಿಸಬೇಡಿ, ಬೇಕಾದದ್ದನ್ನು ಬಿಡಲೂ ಬೇಡಿ. ಯಾವ ತಿಂಗಳು ಯಾವ ಕೆಲಸ ಅಂತ ಪಟ್ಟಿ ಹಾಕಿ. ಗೈಡ್ ಮತ್ತು ಪ್ರಾಂಶುಪಾಲರ ಸಹಿಯನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಕರ್ನಾಟಕದಲ್ಲಿ ಇಂಜಿನಿಯರಿಂಗ್ ಓದುವವರಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆ ಇದೆ. ಮದುವೆ, ಮಕ್ಕಳು ಅಂತ ಸಂಶೋಧನೆ ಬಿಟ್ಟವರು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆಗಳನ್ನು ನೋಡಿ. ಪ್ರತಿ ವರ್ಷದ ನಿಯಮ, ಕೊನೆಯ ದಿನಾಂಕ ಓದಿಕೊಂಡೇ ಅರ್ಜಿ ಹಾಕಿ.

ಅಮ್ಮಂದಿರಲ್ಲಿ ಒಂದು ಕೋರಿಕೆ. ಹೊಂದಿಕೊಂಡು ಹೋಗೋದನ್ನ, ಇದ್ದದ್ದರಲ್ಲೇ ಸುಧಾರಿಸೋದನ್ನ ನಾವು ಹೆಣ್ಣುಮಕ್ಕಳಿಗೆ ಚೆನ್ನಾಗಿಯೇ ಕಲಿಸಿದ್ದೇವೆ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟನ್ನು ಲೆಕ್ಕ ಕೊಟ್ಟು, ತಲೆ ಎತ್ತಿ ಕೇಳೋದನ್ನೂ ಕಲಿಸೋಣ.