ತಣ್ಣನೆಯ ಗಾಳಿ ಕಲಿಸಿದ ಪಾಠ

(ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಹೋತ್ಸವ ಸಮಿತಿಯವರು ಫೋನು ಮಾಡಿ "ನೀವು ಹದಿನೈದು ನಿಮಿಷ ಮಾತಾಡಬೇಕು" ಎಂದಾಗ ನಾನು ಮೊದಲು ಒಪ್ಪಲಿಲ್ಲ. ನಮ್ಮ ಬ್ಯಾಚಿನಲ್ಲಿ ಡಾಕ್ಟರಾದವರಿದ್ದಾರೆ, ಮೇಷ್ಟ್ರಾದವರಿದ್ದಾರೆ, ದೊಡ್ಡ ಆಫೀಸರಾದವರಿದ್ದಾರೆ. ನಾನು 1989ರಲ್ಲಿ ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಸಲ ಕಟ್ಟಿ ಪಾಸಾದವನು. ಐಟಿಐ ಮಾಡಿ, ಬೆಂಗಳೂರಿನ ಗ್ಯಾರೇಜುಗಳಲ್ಲಿ ಕೈಗೆ ಗ್ರೀಸು ಮೆತ್ತಿಕೊಂಡು, 2001ರಲ್ಲಿ ಶಾರ್ಜಾಕ್ಕೆ ಹೋಗಿ, ಅಲ್ಲಿ ಹದಿನೇಳು ವರ್ಷ ಕಾರು ರಿಪೇರಿ ಮಾಡಿದವನು. "ನಾನೇನು ಹೇಳಲಿ?" ಎಂದೆ. "ನಿಮಗೆ ಗೊತ್ತಿರೋದನ್ನೇ ಹೇಳಿ" ಎಂದರು. ನನಗೆ ಗೊತ್ತಿರುವುದು ಕಾರು. ಹಾಗಾಗಿ ಒಂದು ಕಾರಿನ ಕಥೆ ಹೇಳುತ್ತೇನೆ. ಇದು ನನ್ನ ಜಾಣತನದ ಕಥೆಯಲ್ಲ, ನಾನು ಮಾಡಿದ ತಪ್ಪಿನ ಕಥೆ.

ಕಾರಿಗೆ ಹೋಗುವ ಮೊದಲು ಈ ಶಾಲೆಯ ಕೊನೆಯ ಹಂಚಿನ ಕೊಠಡಿಗೆ ಹೋಗಬೇಕು. ಆಗ ಅದೇ ನಮ್ಮ ವಿಜ್ಞಾನದ ಕೊಠಡಿ. ಇಡೀ ಶಾಲೆಗೆ ಒಂದೇ ಥರ್ಮಾಮೀಟರು. ಒಂಬತ್ತನೇ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು ಒಂದು ಲೋಟ ಬಿಸಿನೀರಿಟ್ಟು, ಐದೈದು ನಿಮಿಷಕ್ಕೆ ಒಮ್ಮೆ ಡಿಗ್ರಿ ನೋಡಿ ಬರೆಯಿರಿ ಎಂದಿದ್ದರು. ಥರ್ಮಾಮೀಟರಿನ ಸುತ್ತ ನೂಕುನುಗ್ಗಲು. ನಾನು ಹಿಂದೆ ಕೂತು ಕಿಟಕಿಯಾಚೆ ನೋಡುತ್ತ 80, 76, 72, 68 ಎಂದು ಬರೆದುಬಿಟ್ಟೆ. ಮೇಷ್ಟ್ರು ಪುಸ್ತಕ ನೋಡಿ, "ನೀರು ಹೀಗೆ ಲೆಕ್ಕ ಇಟ್ಕೊಂಡು ತಣ್ಣಗಾಗಲ್ಲ ಕಣೋ. ಮೊದಲು ಬೇಗ ಆರುತ್ತೆ, ಆಮೇಲೆ ನಿಧಾನ. ನೀನು ನೋಡೇ ಇಲ್ಲ" ಎಂದರು. ಹೊಡೆಯಲಿಲ್ಲ. ಆ ಹಾಳೆಗೆ ಅಡ್ಡಗೆರೆ ಎಳೆದು ಕೆಳಗೆ ಬರೆದರು: "ಅಳೆದು ಹೇಳು." ಅದೇ ವಾರ ಖಾಲಿ ಸೋಡಾ ಬಾಟಲಿಯ ಬಾಯಿಗೆ ಬಲೂನು ಸಿಕ್ಕಿಸಿ, ಬಾಟಲಿಯನ್ನು ಬಿಸಿನೀರಲ್ಲಿಟ್ಟು ಬಲೂನು ಎದ್ದು ನಿಲ್ಲುವುದನ್ನು ತೋರಿಸಿದರು. ಬಿಸಿಯಾದ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತೆಳುವಾಗುತ್ತದೆ. ಇಷ್ಟೇ ಪಾಠ. ಅದು ನನ್ನ ತಲೆಯಲ್ಲಿ ಇಪ್ಪತ್ತು ವರ್ಷ ಸುಮ್ಮನೆ ಮಲಗಿತ್ತು.

ಈಗ ಕಾರಿಗೆ ಬರೋಣ. ಜಾಗ್ವಾರ್ ಎಕ್ಸ್‌ಕೆ8 ಎಂಬ ಕಾರು. 1996ರಲ್ಲಿ ಜಿನೀವಾ ಮೋಟಾರ್ ಪ್ರದರ್ಶನದಲ್ಲಿ ಮೊದಲ ಸಲ ಕಾಣಿಸಿಕೊಂಡದ್ದು. ತಯಾರಾಗುತ್ತಿದ್ದುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಎಂಟು ಸಿಲಿಂಡರಿನ 4 ಲೀಟರ್ ಇಂಜಿನ್, 290 ಕುದುರೆ ಶಕ್ತಿ. ಉದ್ದ ಮೂತಿ, ಒಳಗೆ ಚರ್ಮದ ಸೀಟು, ಮರದ ಡ್ಯಾಶ್‌ಬೋರ್ಡ್. 2008ರಲ್ಲಿ ನಮ್ಮ ಟಾಟಾ ಮೋಟಾರ್ಸ್ ಕೊಂಡುಕೊಂಡದ್ದು ಇದೇ ಜಾಗ್ವಾರ್ ಕಂಪನಿಯನ್ನು. ನಮ್ಮ ಗ್ಯಾರೇಜಿಗೆ ಆ ಕಾರು ಬಂದಾಗ ಅದಕ್ಕೆ ಹತ್ತು ವರ್ಷ ಆಗಿತ್ತು. ಮಾಲೀಕರು ವಯಸ್ಸಾದ ಒಬ್ಬ ವ್ಯಾಪಾರಿ. ಕೈಯಲ್ಲಿ ಒಂದು ಡಬ್ಬ ಹಿಡಿದು ಬಂದಿದ್ದರು. ಅದರೊಳಗೆ ಕೋಲ್ಡ್ ಏರ್ ಇಂಟೇಕ್ ಕಿಟ್. ಡಬ್ಬದ ಮೇಲೆ "15 ಕುದುರೆ ಶಕ್ತಿ ಹೆಚ್ಚು" ಎಂದು ಅಚ್ಚಾಗಿತ್ತು.

ಇದೇನೆಂದು ಊರಿನವರಿಗೆ ಹೇಳಿಬಿಡುತ್ತೇನೆ. ಇಂಜಿನ್ ಪೆಟ್ರೋಲು ಕುಡಿಯುತ್ತದೆ ಎನ್ನುತ್ತೇವೆ, ಆದರೆ ಅದು ಹೆಚ್ಚು ಕುಡಿಯುವುದು ಗಾಳಿಯನ್ನು. ಒಂದು ಕೆಜಿ ಪೆಟ್ರೋಲು ಸರಿಯಾಗಿ ಉರಿಯಲು ಹದಿನಾಲ್ಕೂವರೆ ಕೆಜಿಗಿಂತ ಸ್ವಲ್ಪ ಹೆಚ್ಚು ಗಾಳಿ ಬೇಕು. ಗಾಳಿ ತಣ್ಣಗಿದ್ದರೆ ದಟ್ಟವಾಗಿರುತ್ತದೆ. ಅದೇ ಸಿಲಿಂಡರಿನಲ್ಲಿ ಹೆಚ್ಚು ಗಾಳಿ ಹಿಡಿಸುತ್ತದೆ, ಹೆಚ್ಚು ಪೆಟ್ರೋಲು ಉರಿಯುತ್ತದೆ, ಹೆಚ್ಚು ಶಕ್ತಿ ಬರುತ್ತದೆ. ಹಾಗಾಗಿ ಬಾನೆಟ್ಟಿನ ಒಳಗಿನ ಬಿಸಿಗಾಳಿ ಬಿಟ್ಟು ಹೊರಗಿನ ತಣ್ಣನೆಯ ಗಾಳಿಯನ್ನು ಇಂಜಿನ್ನಿಗೆ ಕೊಡುವ ಸಾಧನಕ್ಕೆ ಕೋಲ್ಡ್ ಏರ್ ಇಂಟೇಕ್ ಎನ್ನುತ್ತಾರೆ. ಕಿಟ್ಟಿನಲ್ಲಿ ಇದ್ದದ್ದು ಹೊಳೆಯುವ ಒಂದು ಅಲ್ಯೂಮಿನಿಯಂ ಪೈಪು, ಎರಡು ರಬ್ಬರ್ ಹೋಸು, ನಾಲ್ಕು ಕ್ಲ್ಯಾಂಪು ಮತ್ತು ಕೂಗಣಿಯ ಆಕಾರದ ಒಂದು ದೊಡ್ಡ ಫಿಲ್ಟರ್.

ಮಾಲೀಕರು "ನಿಜವಾಗಿ ಶಕ್ತಿ ಹೆಚ್ಚುತ್ತದೆಯೇ?" ಎಂದು ಕೇಳಿದರು. ನಾನು ಒಂದು ಕ್ಷಣವೂ ಯೋಚಿಸದೆ "ಖಂಡಿತ ಸರ್" ಎಂದೆ. ಆ ಕಾರಿಗೆ ಅದುವರೆಗೆ ನಾನು ಅಂಥ ಕಿಟ್ ಹಾಕಿಯೇ ಇರಲಿಲ್ಲ.

ಕಂಪನಿಯವರು ಕೊಟ್ಟಿದ್ದ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ ಬಿಚ್ಚಿದೆ. ಒಳಗೆ ಬರುವ ಗಾಳಿಯನ್ನು ಅಳೆಯುವ ಸೆನ್ಸರನ್ನು ಜೋಪಾನವಾಗಿ ತೆಗೆದು ಹೊಸ ಪೈಪಿಗೆ ಕೂರಿಸಿದೆ. ಆ ಸೆನ್ಸರಿನಲ್ಲಿ ಬಿಸಿಯಾದ ಒಂದು ಸೂಕ್ಷ್ಮ ತಂತಿ ಇರುತ್ತದೆ. ಬಿಸಿ ಕಾಫಿಯನ್ನು ಊದಿ ಆರಿಸುತ್ತೇವಲ್ಲ, ಹಾಗೆ ಗಾಳಿ ಹರಿದಷ್ಟೂ ತಂತಿ ತಣ್ಣಗಾಗಲು ನೋಡುತ್ತದೆ. ಅದರಿಂದ ಎಷ್ಟು ಗಾಳಿ ಬಂತೆಂದು ತಿಳಿದು ಕಾರಿನ ಕಂಪ್ಯೂಟರು ಪೆಟ್ರೋಲು ಬಿಡುತ್ತದೆ. ಎರಡು ಗಂಟೆಯಲ್ಲಿ ಕೆಲಸ ಮುಗಿಯಿತು. ಸ್ಟಾರ್ಟ್ ಮಾಡಿ ಆಕ್ಸಿಲೇಟರ್ ಒತ್ತಿದರೆ ಹುಲಿ ಗುರುಗುಟ್ಟಿದ ಹಾಗೆ ಸದ್ದು! ಗ್ಯಾರೇಜಿನವರೆಲ್ಲ ಬಂದು ನೋಡಿದರು. ಮಾಲೀಕರು ಸಂತೋಷದಿಂದ ನನ್ನ ಕೈಗೆ 50 ದಿರ್ಹಂ ಇನಾಮು ಇಟ್ಟು ಹೋದರು.

ಹತ್ತು ದಿನಕ್ಕೆ ಕಾರು ವಾಪಸು ಬಂತು. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ದೀಪ ಹತ್ತಿತ್ತು. "ಮಧ್ಯಾಹ್ನ ಟ್ರಾಫಿಕ್ಕಿನಲ್ಲಿ ನಿಂತು ಸಿಗ್ನಲ್ ಬಿಟ್ಟಾಗ ಕಾರು ಎಳೆಯುವುದೇ ಇಲ್ಲ, ಮೊದಲೇ ಚೆನ್ನಾಗಿತ್ತು" ಎಂದರು. ಬಾನೆಟ್ ತೆಗೆದು ನೋಡಿದೆ. ಸೆನ್ಸರ್ ದಾಟಿದ ಮೇಲಿನ ಹೋಸಿನ ಕ್ಲ್ಯಾಂಪು ಓರೆಯಾಗಿ ಕೂತಿತ್ತು. ಆ ಸಂದಿಯಿಂದ ಗಾಳಿ ಒಳಗೆ ಹೋಗುತ್ತಿತ್ತು. ಸೆನ್ಸರಿನ ಲೆಕ್ಕಕ್ಕೆ ಸಿಗದ ಕಳ್ಳಗಾಳಿ ಅದು. ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಅದಕ್ಕೇ ದೀಪ ಹತ್ತಿದ್ದು.

ಫೋರ್‌ಮನ್ ಬಂದು "ಯಾರು ಬಿಗಿ ಮಾಡಿದ್ದು?" ಎಂದರು. ನನ್ನ ಪಕ್ಕದಲ್ಲಿ ನನ್ನ ಹೆಲ್ಪರ್ ನಿಂತಿದ್ದ. ಕುಂದಾಪುರ ಕಡೆಯ ಹುಡುಗ, ಬಂದು ಆರು ತಿಂಗಳಾಗಿತ್ತಷ್ಟೆ. ನಾನು ಅವನ ಕಡೆ ಬೆರಳು ತೋರಿಸಿದೆ.

ಬಿಗಿ ಮಾಡಿದ್ದು ನಾನೇ. ಅವನು ಸ್ಪಾನರು ತಂದುಕೊಟ್ಟಿದ್ದ, ಅಷ್ಟೆ. ಅವನ ಎರಡು ದಿನದ ಕೂಲಿ ಹಿಡಿದರು. ಸಂಜೆ ಕೈ ತೊಳೆಯುವಾಗ ಅವನು ಮೆಲ್ಲಗೆ, "ಅಣ್ಣ, ನಾನು ಆ ಕ್ಲ್ಯಾಂಪ್ ಮುಟ್ಲೇ ಇಲ್ಲ" ಎಂದ. ನಾನು ಕೇಳಿಸದವನ ಹಾಗೆ ನಲ್ಲಿ ಜೋರಾಗಿ ತಿರುಗಿಸಿದೆ.

ಕ್ಲ್ಯಾಂಪು ಸರಿಮಾಡಿದೆ, ದೀಪ ಆರಿತು. ಆದರೆ ಕಾರು ಆಗಲೂ ಎಳೆಯಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಆಗ ನೆನಪಿಗೆ ಬಂದದ್ದು ಆ ಸೋಡಾ ಬಾಟಲಿ, ಆ ಬಲೂನು, ಆ ಅಡ್ಡಗೆರೆ. ನಾನು ಮತ್ತೆ ನೋಡದೆ ಬರೆದಿದ್ದೆ. ಈ ಸಲ ನನ್ನ ಸುಳ್ಳಿಗೆ ಕೂಲಿ ಕಳೆದುಕೊಂಡವನು ಬೇರೆಯವನು.

ಮರುದಿನ ಸ್ಕ್ಯಾನರ್ ಜೋಡಿಸಿ ಅಳೆದೆ. ಒಳಗೆ ಹೋಗುವ ಗಾಳಿ ಎಷ್ಟು ಬಿಸಿಯಿದೆ ಎಂದು ಅದು ತೋರಿಸುತ್ತದೆ. ಹೊರಗೆ 43 ಡಿಗ್ರಿ. ಹೊಸ ಕಿಟ್ ಹಾಕಿಕೊಂಡು ಐದು ನಿಮಿಷ ನಿಲ್ಲಿಸಿದರೆ ಗಾಳಿ 76 ಡಿಗ್ರಿ! ಎಸೆಯದೆ ಮೂಲೆಯಲ್ಲಿಟ್ಟಿದ್ದ ಹಳೆಯ ಪೆಟ್ಟಿಗೆಯನ್ನು ಹಾಕಿ ಅದೇ ಥರ ನಿಲ್ಲಿಸಿದೆ. 55 ಡಿಗ್ರಿ. ಆಗ ಅರ್ಥವಾಯಿತು. ಹಳೆಯ ಪೆಟ್ಟಿಗೆ ಮುಚ್ಚಿಕೊಂಡಿದ್ದು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತಿತ್ತು. ನಾನು ಹಾಕಿದ ಫಿಲ್ಟರು ಬಾನೆಟ್ಟಿನೊಳಗೆ ಬತ್ತಲೆಯಾಗಿ ಕೂತು, ಇಂಜಿನ್ನಿನ ಬಿಸಿಯನ್ನೇ ಉಸಿರಾಡುತ್ತಿತ್ತು. ಹೆಸರು ತಣ್ಣನೆಯ ಗಾಳಿ, ಕೊಟ್ಟದ್ದು ಒಲೆಯ ಗಾಳಿ. ಒರಟು ಲೆಕ್ಕ ಹಾಕಿದರೆ ನೂರು ಪಾಲು ಗಾಳಿ ಹೋಗಬೇಕಾದಲ್ಲಿ 94 ಪಾಲು ಮಾತ್ರ ಹೋಗುತ್ತಿತ್ತು. 290ರಲ್ಲಿ ಸುಮಾರು 17 ಕುದುರೆ ಕಡಿಮೆ. ಸಾಲದ್ದಕ್ಕೆ, ಗಾಳಿ ಅಷ್ಟು ಬಿಸಿಯಾದಾಗ ಇಂಜಿನ್ನಿಗೆ ಪೆಟ್ಟಾಗದಿರಲೆಂದು ಕಂಪ್ಯೂಟರು ಕಿಡಿ ಹಾರಿಸುವುದನ್ನೂ ತಡ ಮಾಡುತ್ತದೆ. 15 ಕುದುರೆ ಕಟ್ಟಿಕೊಡುತ್ತೇನೆಂದು ಹೇಳಿ, ಕಟ್ಟಿದ್ದ ಕುದುರೆಗಳನ್ನೇ ಬಿಚ್ಚಿಬಿಟ್ಟಿದ್ದೆ. ಸದ್ದು ಹೆಚ್ಚಿತ್ತು, ಅದನ್ನೇ ಎಲ್ಲರೂ ಶಕ್ತಿ ಅಂದುಕೊಂಡೆವು.

ಆ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಫೋರ್‌ಮನ್ ಹತ್ತಿರ ಹೋದೆ. ಕೂರಿಸಿದ ರೀತಿ ತಪ್ಪು, ತಪ್ಪು ನನ್ನದು, ಕ್ಲ್ಯಾಂಪು ಬಿಗಿ ಮಾಡಿದವನೂ ನಾನೇ ಎಂದೆ. ಅವರು ಬೈದದ್ದನ್ನು ಇಲ್ಲಿ ಹೇಳುವಂತಿಲ್ಲ, ಮಕ್ಕಳಿದ್ದಾರೆ. ಹುಡುಗನ ಎರಡು ದಿನದ ಕೂಲಿ ವಾಪಸು ಕೊಟ್ಟರು, ನನ್ನ ನಾಲ್ಕು ದಿನದ ಕೂಲಿ ಹಿಡಿದರು. ಹುಡುಗ ಆದರೂ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅದು ನ್ಯಾಯವೇ.

ಆಮೇಲೆ ಕೆಲಸವನ್ನು ಸರಿಯಾಗಿ ಮಾಡಿದೆ. ಅಲ್ಯೂಮಿನಿಯಂ ತಗಡು ಕತ್ತರಿಸಿ ಫಿಲ್ಟರಿನ ಸುತ್ತ ಗೋಡೆ ಕಟ್ಟಿದೆ. ಬಾನೆಟ್ ಮುಚ್ಚಿದಾಗ ಸಂದಿ ಉಳಿಯದಂತೆ ಗೋಡೆಯ ಅಂಚಿಗೆ ರಬ್ಬರ್ ಪಟ್ಟಿ ಕೊಟ್ಟೆ. ಮುಂಭಾಗದಿಂದ ಹೊರಗಾಳಿ ಬರಲು ಒಂದು ಕೊಳವೆ ತಂದೆ. ಅದರ ಬಾಯಿಯನ್ನು ತೀರಾ ಕೆಳಗಿಡಲಿಲ್ಲ. ಕೆಳಗಿಟ್ಟರೆ ಮಳೆಯಲ್ಲಿ ರಸ್ತೆಯ ನೀರನ್ನು ಇಂಜಿನ್ ಹೀರಿಕೊಳ್ಳುತ್ತದೆ, ನೀರು ಹೊಕ್ಕ ಇಂಜಿನ್ನಿನ ಕನೆಕ್ಟಿಂಗ್ ರಾಡೇ ಬಾಗಿಹೋಗಬಹುದು. ಫಿಲ್ಟರಿಗೆ ಎಣ್ಣೆಯನ್ನು ಬೇಕಾದಷ್ಟೇ ಹಚ್ಚಿದೆ. ಹೆಚ್ಚಾದರೆ ಸೆನ್ಸರಿನ ತಂತಿಗೆ ಮೆತ್ತಿಕೊಂಡು ಲೆಕ್ಕ ತಪ್ಪುತ್ತದೆ. ಮತ್ತೆ ಅಳೆದೆ. ನಿಂತಾಗ 57, ಓಡುವಾಗ 46. ಅಂದರೆ ಹೆಚ್ಚೂಕಡಿಮೆ ಹಳೆಯ ಪೆಟ್ಟಿಗೆಯಷ್ಟೇ. ಕೊವೆಂಟ್ರಿಯ ಇಂಜಿನಿಯರುಗಳು ನನಗಿಂತ ಮೊದಲೇ ಅಳೆದು ಮಾಡಿದ್ದರು.

ಮಾಲೀಕರಿಗೆ ಎಲ್ಲವನ್ನೂ ಹೇಳಿದೆ. "ಶಕ್ತಿ ಹೆಚ್ಚಿದ್ದು ನನಗೆ ಕಾಣಲಿಲ್ಲ ಸರ್, ಸದ್ದು ಮಾತ್ರ ಹೆಚ್ಚು. ಬೇಡವೆಂದರೆ ಹಳೆಯದನ್ನೇ ಹಾಕಿಕೊಡುತ್ತೇನೆ, ಕೂಲಿ ಬೇಡ" ಎಂದು 50 ದಿರ್ಹಂ ಮುಂದೆ ಹಿಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸದ್ದು ನನಗೆ ಇಷ್ಟ, ಇರಲಿ. ಆದರೆ ಇದನ್ನು ಮೊದಲ ದಿನವೇ ಹೇಳಬೇಕಿತ್ತು" ಎಂದರು. ಹಣ ಮಾತ್ರ ವಾಪಸು ತೆಗೆದುಕೊಂಡರು.

ವಿದ್ಯಾರ್ಥಿಗಳೇ, ನೀವು ಜಾಗ್ವಾರಿಗೆ ಕೈ ಹಾಕುತ್ತೀರೋ ಇಲ್ಲವೋ ಗೊತ್ತಿಲ್ಲ. ಆದರೆ ನಮ್ಮೂರಿನ ಹುಡುಗರು ಸದ್ದು ಬರಲೆಂದು ಬೈಕಿನ ಏರ್ ಫಿಲ್ಟರನ್ನೇ ಕಿತ್ತು ಓಡಿಸುವುದನ್ನು ನಿನ್ನೆ ತಾನೆ ನೋಡಿದೆ. ನಮ್ಮ ರಸ್ತೆಯ ಧೂಳು ನೇರವಾಗಿ ಒಳಗೆ ಹೋಗಿ ಪಿಸ್ಟನ್ನು, ರಿಂಗು ಸವೆಯುತ್ತವೆ. ಹೊಗೆ ಬರಲು ಶುರುವಾದಾಗ ಖರ್ಚು ಕೊಡುವವರು ಅಪ್ಪ. ರೈತ ಬಂಧುಗಳೇ, ರೋಟವೇಟರ್ ಹೊಡೆಯುವ ದಿನಗಳಲ್ಲಿ ಟ್ರಾಕ್ಟರಿನ ಏರ್ ಕ್ಲೀನರ್ ದಿನವೂ ನೋಡಿ. ಇಂಜಿನ್ನಿಗೂ ನಮ್ಮ ಹಾಗೆಯೇ, ಉಸಿರು ಶುದ್ಧವಾಗಿದ್ದರೆ ಆಯುಸ್ಸು.

ಆ ಕುಂದಾಪುರದ ಹುಡುಗ ಈಗ ಊರಲ್ಲೇ ಸ್ವಂತ ಗ್ಯಾರೇಜು ಇಟ್ಟಿದ್ದಾನೆ. ಹೋದ ವಾರ ಫೋನಿನಲ್ಲಿ, ಶಾಲೆಯಲ್ಲಿ ಭಾಷಣ ಇದೆ ಎಂದೆ. "ಕ್ಲ್ಯಾಂಪಿನ ಕಥೆ ಹೇಳ್ತೀರಾ ಅಣ್ಣ?" ಎಂದು ಕೇಳಿದ. ಹೇಳುತ್ತೇನೆ ಎಂದೆ. "ಪೂರ್ತಿ ಹೇಳಿ" ಎಂದ. ಪೂರ್ತಿ ಹೇಳಿದ್ದೇನೆ.

ನಮ್ಮ ವಿಜ್ಞಾನದ ಮೇಷ್ಟ್ರು ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಮೇಷ್ಟ್ರೇ, ನಿಮ್ಮ ಮಾತು ನನಗೆ ತಲುಪಲು ಇಪ್ಪತ್ತು ವರ್ಷ ಹಿಡಿಯಿತು, ಕ್ಷಮಿಸಿ. ಶಾಲೆಗೆಂದು ಇಪ್ಪತ್ತು ಥರ್ಮಾಮೀಟರು ತಂದಿದ್ದೇನೆ. ದೊಡ್ಡ ಕೊಡುಗೆಯೇನಲ್ಲ. ಇನ್ನು ಮುಂದೆ ಹಿಂದಿನ ಬೆಂಚಿನ ಹುಡುಗನೂ ತಾನೇ ನೋಡಿ ಬರೆಯಲಿ ಎಂದು ಅಷ್ಟೆ.