ಕ್ಷಯಕ್ಕೆ ಮದ್ದು ಬಂದ ದಾರಿ



1912ರಲ್ಲಿ ಪ್ರಾಗ್ ನಗರದ ಜರ್ಮನ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಮಾಲಿ ಎಂಬ ವಿದ್ಯಾರ್ಥಿ ತನ್ನ ಗುರು ಹಾನ್ಸ್ ಮೇಯರ್ ಅವರ ಬಳಿ ಡಾಕ್ಟರೇಟ್‌ಗಾಗಿ ಕೆಲವು ಹೊಸ ರಾಸಾಯನಿಕಗಳನ್ನು ತಯಾರಿಸುತ್ತಿದ್ದರು. ಅವುಗಳಲ್ಲಿ ಒಂದು ಬಿಳಿ ಹರಳಿನ ಪುಡಿ. ಅದನ್ನು ತಯಾರಿಸುವ ಬಗೆಯನ್ನು ಬರೆದು ಪ್ರಕಟಿಸಿದರು. ಇದು ಯಾವುದಾದರೂ ರೋಗಕ್ಕೆ ಆದೀತೇ ಎಂದು ಆಗ ಯಾರೂ ಕೇಳಲಿಲ್ಲ. ಅದೇ ವರ್ಷ ಅದೇ ಊರಿನಲ್ಲಿ ಫ್ರಾನ್ಜ್ ಕಾಫ್ಕಾ ತಮ್ಮ 'ಮೆಟಮಾರ್ಫಸಿಸ್' ಕಥೆ ಬರೆದರು. ಐದು ವರ್ಷಗಳ ನಂತರ ಅವರಿಗೆ ಕ್ಷಯ ಕಾಣಿಸಿಕೊಂಡಿತು. 1924ರಲ್ಲಿ, 40ರ ಹರೆಯದಲ್ಲಿ, ಗಂಟಲಿಗೂ ಹರಡಿದ್ದ ಅದೇ ಕ್ಷಯದಿಂದ ತೀರಿಕೊಂಡರು. ಮಾಲಿ ತಯಾರಿಸಿದ ಆ ಪುಡಿಯೇ ಐಸೋನಿಯಾಜಿಡ್. ಇವತ್ತಿಗೂ ನಮ್ಮ ಹೆಚ್ಚಿನ ಕ್ಷಯರೋಗಿಗಳ ಮಾತ್ರೆಯ ಪೊಟ್ಟಣದಲ್ಲಿರುವ ಔಷಧ. ಅದು ಔಷಧವೆಂದು ಜಗತ್ತಿಗೆ ತಿಳಿಯಲು 40 ವರ್ಷ ಬೇಕಾಯಿತು.

ಕ್ಷಯದ ಔಷಧಗಳ ಇತಿಹಾಸದುದ್ದಕ್ಕೂ ಇದೇ ಕಾಣುತ್ತದೆ. ರಸಾಯನಶಾಸ್ತ್ರ ಕೈಕೊಟ್ಟದ್ದಕ್ಕಿಂತ ನಾವು ಹುಡುಕದೆ ಕುಳಿತದ್ದರಿಂದ ಸತ್ತವರೇ ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ.

ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಬರ್ಲಿನ್‌ನಲ್ಲಿ ಜಗತ್ತಿಗೆ ತೋರಿಸಿದ್ದು 1882ರ ಮಾರ್ಚ್ 24ರಂದು. ಶತ್ರು ಯಾರೆಂದು ಗೊತ್ತಾದ ಮೇಲೂ ಅರವತ್ತು ವರ್ಷ ಕೈಯಲ್ಲಿ ಆಯುಧವಿರಲಿಲ್ಲ. ಇದ್ದದ್ದು ಒಳ್ಳೆಯ ಗಾಳಿ, ಬಿಸಿಲು, ಹಾಲು ಮೊಟ್ಟೆ, ವಿಶ್ರಾಂತಿ. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಕಟ್ಟಿದ ಸ್ಯಾನಟೋರಿಯಂ ಆ ಕಾಲದ್ದು. ಅರಮನೆಯವರನ್ನೂ ಈ ರೋಗ ಬಿಡಲಿಲ್ಲ.

1943ರ ಅಕ್ಟೋಬರ್‌ನಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ 23 ವರ್ಷದ ಆಲ್ಬರ್ಟ್ ಶಾಟ್ಜ್ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ಪಡೆದರು. ಅವರ ಕೆಲಸ ನಡೆದದ್ದು ಕಟ್ಟಡದ ನೆಲಮಾಳಿಗೆಯಲ್ಲಿ. 1952ರ ನೊಬೆಲ್ ಮಾತ್ರ ಅವರ ಗುರು ಸೆಲ್ಮನ್ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು. ಆ ಅನ್ಯಾಯದ ಕಥೆ ದೊಡ್ಡದು, ಇವತ್ತು ಬೇಡ.

ಆದರೆ ಬ್ರಿಟನ್ನಿನಲ್ಲಿ ಈ ಔಷಧವನ್ನು ಪರೀಕ್ಷಿಸಿದ ಕಥೆ ಹೇಳಲೇಬೇಕು. ಯುದ್ಧ ಮುಗಿದ ಹೊತ್ತು, ಔಷಧ ಸಿಕ್ಕಿದ್ದೇ ಸ್ವಲ್ಪ. ಎಲ್ಲರಿಗೂ ಕೊಡಲು ಸಾಲದು. ಹಾಗಾಗಿ 107 ರೋಗಿಗಳಲ್ಲಿ ಯಾರಿಗೆ ಔಷಧ, ಯಾರಿಗೆ ಬರೀ ಹಾಸಿಗೆಯ ವಿಶ್ರಾಂತಿ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ, ಮೊಹರು ಮಾಡಿದ ಲಕೋಟೆಗಳಿಂದ ನಿರ್ಧರಿಸಿದರು. ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ ಸತ್ತವರು 4, ಪಡೆಯದ 52 ಜನರಲ್ಲಿ 14. 1948ರಲ್ಲಿ ಇದು ಪ್ರಕಟವಾದಾಗ ವೈದ್ಯಲೋಕ ಹಿಗ್ಗಿತು. ಐದು ವರ್ಷ ಕಳೆದ ಮೇಲೆ ಮತ್ತೆ ಲೆಕ್ಕ ಹಾಕಿದರೆ ಮೊದಲ ಗುಂಪಿನಲ್ಲಿ 32 ಜನ, ಎರಡನೆಯದರಲ್ಲಿ 35 ಜನ ಇಲ್ಲವಾಗಿದ್ದರು. ಅಂತರ ಹೆಚ್ಚುಕಡಿಮೆ ಅಳಿಸಿಹೋಗಿತ್ತು.

ಯಾಕೆ ಹೀಗಾಯಿತು? ಕ್ಷಯದ ರೋಗಿಯ ಶ್ವಾಸಕೋಶದ ಒಂದು ಹುಣ್ಣಿನಲ್ಲೇ ಕೋಟಿಗಟ್ಟಲೆ ರೋಗಾಣುಗಳಿರುತ್ತವೆ. ಅಷ್ಟರಲ್ಲಿ ಕೆಲವಕ್ಕೆ, ಆಕಸ್ಮಿಕವಾಗಿ, ಆ ಔಷಧವನ್ನು ತಡೆದುಕೊಳ್ಳುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಔಷಧ ಉಳಿದವನ್ನೆಲ್ಲ ಕೊಂದು ಇವಕ್ಕೆ ಜಾಗ ತೆರವು ಮಾಡಿಕೊಡುತ್ತದೆ. ಎರಡು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ಎರಡನ್ನೂ ತಡೆಯಬಲ್ಲ ರೋಗಾಣು ಸಿಗುವುದು ತೀರಾ ಅಪರೂಪ. ಕ್ಷಯಕ್ಕೆ ಒಂದೇ ಮಾತ್ರೆ ಯಾಕೆ ಸಾಲದು, ನಾಲ್ಕು ಯಾಕೆ ನುಂಗಬೇಕು ಎಂದು ಕೇಳುವ ಎಲ್ಲರಿಗೂ ಉತ್ತರ ಇದೇ.

ಎರಡನೆಯ ಔಷಧ ಸ್ವೀಡನ್ನಿನಿಂದ ಬಂತು. ಆಸ್ಪಿರಿನ್‌ನ ಬಂಧುವಾದ ಸ್ಯಾಲಿಸಿಲಿಕ್ ಆಮ್ಲವನ್ನು ಕೊಟ್ಟರೆ ಕ್ಷಯದ ರೋಗಾಣು ಹೆಚ್ಚು ಆಮ್ಲಜನಕ ಎಳೆದುಕೊಳ್ಳುತ್ತದೆ ಎಂದು ಅಮೆರಿಕದ ಬರ್ನ್‌ಹೈಮ್ 1940ರಲ್ಲಿ ಗಮನಿಸಿದ್ದರು. ಅಂದರೆ ರೋಗಾಣುವಿಗೆ ಅದು ಬೇಕಾದ ಪದಾರ್ಥ. ಹಾಗಾದರೆ ಅದನ್ನೇ ಚೂರು ಬದಲಿಸಿ ಕೊಟ್ಟರೆ? ಗೋಥೆನ್‌ಬರ್ಗ್‌ನ ಯೋರ್ಗನ್ ಲೇಮನ್ ಹೀಗೆ ಯೋಚಿಸಿದರು. ಸ್ಯಾಲಿಸಿಲಿಕ್ ಆಮ್ಲದ ಉಂಗುರದ ಒಂದು ನಿರ್ದಿಷ್ಟ ಮೂಲೆಗೆ ಒಂದು ಅಮೈನೋ ಗುಂಪು ಜೋಡಿಸಿ ಎಂದು ಔಷಧ ಕಂಪನಿಗೆ 1943ರಲ್ಲಿ ಪತ್ರ ಬರೆದರು. ಹಾಗೆ ಹುಟ್ಟಿದ್ದು ಪಿ.ಎ.ಎಸ್. ಎಂಬ ಔಷಧ. ದಿನಕ್ಕೆ ಹತ್ತು ಹನ್ನೆರಡು ಗ್ರಾಂ ನುಂಗಬೇಕು, ಹೊಟ್ಟೆ ಕಿವುಚುತ್ತದೆ, ಆದರೂ ಕೆಲಸ ಮಾಡಿತು. ರೋಗಾಣು ಅದನ್ನು ತನ್ನ ಆಹಾರವೆಂದೇ ನಂಬಿ ಒಳಗೆ ಸೇರಿಸಿಕೊಂಡು, ಫೋಲೇಟ್ ತಯಾರಿಸುವ ಹಾದಿಯಲ್ಲಿ ಬಳಸಿ, ಕೆಡುತ್ತದೆ ಎಂಬುದು 2013ರಲ್ಲಷ್ಟೇ ಪೂರ್ತಿಯಾಗಿ ತಿಳಿಯಿತು. ಎಪ್ಪತ್ತು ವರ್ಷ ಹಿಂದಿನ ಊಹೆಯ ತಿರುಳು ಸರಿಯಾಗಿತ್ತು.

ಮೂರನೆಯದೇ ನಾನು ಮೊದಲು ಹೇಳಿದ ಐಸೋನಿಯಾಜಿಡ್. ಹಾಫ್‌ಮನ್ ಲಾ ರೋಷ್ ಕಂಪನಿಯಲ್ಲಿ ಹರ್ಬರ್ಟ್ ಫಾಕ್ಸ್ ತಯಾರಿಸಲು ಹೊರಟದ್ದು ಬೇರೊಂದು ರಾಸಾಯನಿಕವನ್ನು. ದಾರಿಯ ನಡುವಿನ ಹಂತದಲ್ಲಿ ಸಿಕ್ಕ ವಸ್ತುವನ್ನೂ ಇಲಿಗಳಿಗೆ ಕೊಟ್ಟು ನೋಡಿದರು. ಗುರಿಗಿಂತ ಈ ನಡುವಿನ ವಸ್ತುವೇ ಎಷ್ಟೋ ಬಲಶಾಲಿ ಎಂದು ತಿಳಿಯಿತು. ಅದೇ ಹೊತ್ತಿಗೆ ಸ್ಕ್ವಿಬ್, ಬೇಯರ್ ಕಂಪನಿಗಳೂ ಇದನ್ನೇ ಕಂಡುಕೊಂಡಿದ್ದವು. 1912ರಲ್ಲೇ ಪ್ರಕಟವಾದ ವಸ್ತುವಾದ್ದರಿಂದ ಯಾರಿಗೂ ಅದರ ಮೇಲೆ ಪೇಟೆಂಟ್ ಸಿಗಲಿಲ್ಲ. ಬಡವರ ಪುಣ್ಯ, ಬೆಲೆ ಬಿದ್ದುಹೋಯಿತು. ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ವೈದ್ಯರು ಆಸೆ ಬಿಟ್ಟಿದ್ದ ರೋಗಿಗಳು ಈ ಮಾತ್ರೆಯಿಂದ ಎದ್ದು ಕೂತರು, ಊಟ ಕೇಳಿದರು, ಮೈ ಕೈ ತುಂಬಿಕೊಂಡರು. ಅವರು ಆಸ್ಪತ್ರೆಯಲ್ಲಿ ಕುಣಿಯುವ ಚಿತ್ರ 1952ರಲ್ಲಿ ಪತ್ರಿಕೆಗಳಲ್ಲಿ ಬಂತು. ಕ್ಷಯದ ರೋಗಾಣುವಿನ ಮೈಮೇಲೆ ಮೇಣದಂಥ ದಪ್ಪ ಕವಚವಿದೆ. ಅದನ್ನು ಕಟ್ಟಲು ಬೇಕಾದ ಮೈಕೋಲಿಕ್ ಆಮ್ಲ ತಯಾರಾಗದಂತೆ ಐಸೋನಿಯಾಜಿಡ್ ತಡೆಯುತ್ತದೆ. ಇನ್ನೊಂದು ಸೋಜಿಗವಿದೆ. ಅದನ್ನು ಚಾಲೂ ಮಾಡಿಕೊಡುವುದು ರೋಗಾಣುವಿನದೇ ಒಂದು ಕಿಣ್ವ. ಆ ಕಿಣ್ವ ಕೆಟ್ಟ ರೋಗಾಣುವಿಗೆ ಔಷಧ ತಾಗುವುದಿಲ್ಲ ಎಂಬುದು 1992ರಲ್ಲಿ ಗೊತ್ತಾಯಿತು.

ಔಷಧಗಳೇನೋ ಬಂದವು. ಲಕ್ಷಾಂತರ ರೋಗಿಗಳಿರುವ ದೇಶದಲ್ಲಿ ಹಾಸಿಗೆಗಳು ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ನಮ್ಮ ದಕ್ಷಿಣ ಭಾರತ. 1956ರಲ್ಲಿ ಮದ್ರಾಸಿನ ಚೇತ್‌ಪಟ್‌ನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರದಲ್ಲಿ ವಾಲೇಸ್ ಫಾಕ್ಸ್ ಮತ್ತು ಸಂಗಡಿಗರು 193 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸ್ಯಾನಟೋರಿಯಂನ ಆರೈಕೆ, ಒಳ್ಳೆಯ ಊಟ, ವಿಶ್ರಾಂತಿ. ಇನ್ನೊಂದು ಗುಂಪು ತಮ್ಮ ಇಕ್ಕಟ್ಟಿನ ಮನೆಗಳಲ್ಲೇ ಇದ್ದು, ಸಿಕ್ಕಿದ್ದನ್ನು ಉಂಡು, ಅದೇ ಔಷಧಗಳನ್ನು ನುಂಗಿತು. ವರ್ಷದ ಕೊನೆಗೆ ಎರಡೂ ಗುಂಪುಗಳ ಫಲಿತಾಂಶದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಮನೆಯವರಿಗೆ ಸೋಂಕು ಹೆಚ್ಚಲೂ ಇಲ್ಲ. 1959ರಲ್ಲಿ ಇದು ಪ್ರಕಟವಾದ ಮೇಲೆ ಜಗತ್ತಿನಾದ್ಯಂತ ಸ್ಯಾನಟೋರಿಯಂಗಳ ಯುಗ ಮುಗಿಯತೊಡಗಿತು.

ಅದೇ ವರ್ಷ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಅಲ್ಲಿನ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆ ಆಗ ಬಲವಾಗಿತ್ತು. ಇವರು ಕಂಡದ್ದೇ ಬೇರೆ. ಕ್ಷಯವಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧ! ರೋಗಿಯನ್ನು ದೂರುವ ಮೊದಲು ಈ ಅಧ್ಯಯನವನ್ನು ನೆನೆಯಬೇಕು ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಮುಂದೆ ರಿಫಾಂಪಿಸಿನ್ ಬಂತು. ಫ್ರಾನ್ಸಿನ ಕಡಲತೀರದ ಪೈನ್ ತೋಪಿನ ಮಣ್ಣಿನಲ್ಲಿ 1957ರಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಮಿಲಾನ್‌ನ ಲೆಪೆಟಿಟ್ ಕಂಪನಿಯ ಪಿಯೆರೊ ಸೆನ್ಸಿ ತಂಡ ವರ್ಷಗಟ್ಟಲೆ ತಿದ್ದಿ ತೀಡಿ ಮಾಡಿದ ಔಷಧ ಅದು. ಪೈರಾಜಿನಮೈಡ್ ಎಂಬ ಇನ್ನೊಂದು ಔಷಧದ ಜೊತೆ ಸೇರಿದಾಗ ಒಂದೂವರೆ ವರ್ಷದ ಚಿಕಿತ್ಸೆ ಆರು ತಿಂಗಳಿಗೆ ಇಳಿಯಿತು.

ಅಲ್ಲಿಗೆ ಹುಡುಕಾಟ ನಿಂತುಹೋಯಿತು. ಶ್ರೀಮಂತ ದೇಶಗಳಲ್ಲಿ ಕ್ಷಯ ಕಡಿಮೆಯಾಗಿತ್ತು, ಬಡವರ ರೋಗದಲ್ಲಿ ಲಾಭವಿರಲಿಲ್ಲ. ನಲವತ್ತು ವರ್ಷ ಹೊಸ ಬಗೆಯ ಒಂದೇ ಒಂದು ಕ್ಷಯದ ಔಷಧ ಬರಲಿಲ್ಲ. ಅಷ್ಟರಲ್ಲಿ ಹಳೆಯ ಔಷಧಗಳಿಗೆ ಬಗ್ಗದ ಕ್ಷಯ ಎಲ್ಲೆಡೆ ಬೆಳೆಯಿತು. ಅಂಥ ರೋಗಿಗೆ ಎರಡು ವರ್ಷದವರೆಗೆ ಮಾತ್ರೆ, ತಿಂಗಳುಗಟ್ಟಲೆ ದಿನವೂ ಕನಾಮೈಸಿನ್ ಚುಚ್ಚುಮದ್ದು. ಬದುಕಿದ ಎಷ್ಟೋ ಜನ ಆ ಚುಚ್ಚುಮದ್ದಿನಿಂದ ಕಿವುಡರಾದರು.

ಬಾಗಿಲು ತೆರೆದದ್ದು ಬೆಲ್ಜಿಯಂನಲ್ಲಿ. ಜಾನ್ಸೆನ್ ಕಂಪನಿಯ ಕೋನ್ ಆಂಡ್ರೀಸ್ ತಂಡ ಕ್ಷಯದ ರೋಗಾಣುವಿನ ನಿರಪಾಯಕಾರಿ ದಾಯಾದಿಯೊಂದರ ಮೇಲೆ ಸಾವಿರಾರು ರಾಸಾಯನಿಕಗಳನ್ನು ಪ್ರಯೋಗಿಸಿತು. ಒಂದು ಕೊಂದಿತು. ಹೇಗೆ ಕೊಂದಿತು? ಅದಕ್ಕೆ ಜಗ್ಗದ ರೋಗಾಣುಗಳನ್ನು ಬೆಳೆಸಿ ಅವುಗಳ ಜೀನೋಮನ್ನೇ ಓದಿದರು. ಬದಲಾವಣೆ ಸಿಕ್ಕಿದ್ದು ರೋಗಾಣುವಿಗೆ ಶಕ್ತಿ ಒದಗಿಸುವ ಎ.ಟಿ.ಪಿ. ಸಿಂಥೇಸ್ ಎಂಬ ಯಂತ್ರದ ಜೀನಿನಲ್ಲಿ. ಬಾವಿಯ ರಾಟೆಯಂತೆ ಸುತ್ತುವ ಯಂತ್ರ ಅದು. ಔಷಧ ಅದಕ್ಕೆ ಅಂಟಿ ಸುತ್ತದಂತೆ ಮಾಡುತ್ತದೆ. ಇದೇ ಬೆಡಾಕ್ವಿಲಿನ್. 2005ರಲ್ಲಿ ಪ್ರಕಟವಾಗಿ 2012ರ ಡಿಸೆಂಬರ್‌ನಲ್ಲಿ ಅಮೆರಿಕದ ಮಂಜೂರಾತಿ ಪಡೆಯಿತು.

ಬೆಡಾಕ್ವಿಲಿನ್ ಜೊತೆ ಪ್ರೆಟೋಮನಿಡ್, ಲಿನೆಜೋಲಿಡ್ ಎಂಬ ಔಷಧಗಳನ್ನು ಸೇರಿಸಿ ದಕ್ಷಿಣ ಆಫ್ರಿಕಾದಲ್ಲಿ 109 ರೋಗಿಗಳಿಗೆ ಕೊಟ್ಟರು. ಎಲ್ಲರದೂ ಬೇರೆ ದಾರಿ ಮುಚ್ಚಿದ್ದ ಕಾಯಿಲೆ. ಸುಮಾರು ಶೇಕಡಾ 90 ಜನ ಗುಣವಾದರು, ಅದೂ ಬಹುತೇಕ ಆರೇ ತಿಂಗಳಲ್ಲಿ, ಸೂಜಿಯಿಲ್ಲದೆ. ಲಿನೆಜೋಲಿಡ್‌ನಿಂದ ಕೈಕಾಲಿನ ನರಗಳು ಬಹಳ ಜನರಿಗೆ ಕೆಟ್ಟವು. ಅದರ ಪ್ರಮಾಣವನ್ನು ಅರ್ಧಕ್ಕಿಳಿಸಿದರೂ ರೋಗ ಗುಣವಾಗುತ್ತದೆ ಎಂದು 2022ರ ಪರೀಕ್ಷೆ ತೋರಿಸಿತು. ಮಾಕ್ಸಿಫ್ಲಾಕ್ಸಾಸಿನ್ ಎಂಬ ಇನ್ನೊಂದು ಔಷಧವನ್ನೂ ಕೂಡಿಸಿದ ಈ ಚಿಕಿತ್ಸೆಗೆ 2024ರ ಸೆಪ್ಟೆಂಬರ್‌ನಲ್ಲಿ ಭಾರತ ಸರ್ಕಾರವೂ ಒಪ್ಪಿಗೆ ಕೊಟ್ಟಿತು.

ಬೆಡಾಕ್ವಿಲಿನ್ ಪೇಟೆಂಟನ್ನು ಇನ್ನಷ್ಟು ವರ್ಷ ಎಳೆಯುವ ಅರ್ಜಿಯನ್ನು ನಮ್ಮ ಪೇಟೆಂಟ್ ಕಚೇರಿ 2023ರ ಮಾರ್ಚ್‌ನಲ್ಲಿ ತಳ್ಳಿಹಾಕಿತು. ಅದನ್ನು ಪ್ರಶ್ನಿಸಿದವರು ಕ್ಷಯದಿಂದ ಗೆದ್ದು ಬಂದ ಇಬ್ಬರು ಹೆಣ್ಣುಮಕ್ಕಳು, ಒಬ್ಬರು ಭಾರತದವರು, ಒಬ್ಬರು ದಕ್ಷಿಣ ಆಫ್ರಿಕಾದವರು. ಚಿಕಿತ್ಸೆಯಲ್ಲಿ ಇಬ್ಬರೂ ಶ್ರವಣಶಕ್ತಿ ಕಳೆದುಕೊಂಡವರು. ಅವರಿಗೆ ನಾವು ಋಣಿಗಳು.

ಬೆಂಗಳೂರಿನ ಪ್ರಯೋಗಾಲಯವೂ ಈ ಕಥೆಯಲ್ಲಿದೆ. ರೋಗಾಣುವಿನ ಕವಚ ಕಟ್ಟುವ ಇನ್ನೊಂದು ಕಿಣ್ವವನ್ನು ತಡೆಯುವ ಅಜಾಇಂಡೋಲ್ ಎಂಬ ಗುಂಪಿನ ರಾಸಾಯನಿಕಗಳನ್ನು ಇಲ್ಲಿನ ಆಸ್ಟ್ರಾಜೆನೆಕಾ ಸಂಶೋಧನಾ ಕೇಂದ್ರದವರು 2013ರಲ್ಲಿ ಪ್ರಕಟಿಸಿದರು. ಮರುವರ್ಷ ಕಂಪನಿ ಆ ಕೇಂದ್ರವನ್ನು ಮುಚ್ಚಿತು. ಆದರೂ ಅಲ್ಲಿ ಹುಟ್ಟಿದ ಟಿಬಿಎ-7371 ಎಂಬ ಔಷಧ ಬೇರೆ ಸಂಸ್ಥೆಗಳ ಕೈಯಲ್ಲಿ ರೋಗಿಗಳ ಮೇಲಿನ ಪರೀಕ್ಷೆಯವರೆಗೆ ಹೋಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಜಗತ್ತಿನಲ್ಲಿ ಕ್ಷಯದಿಂದ ಸತ್ತವರು 12.5 ಲಕ್ಷ. ಹೊಸ ರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದವರು. ಕೇಳುಗರೇ, ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಯಾರಿಗಾದರೂ ಎರಡು ವಾರ ಮೀರಿ ಕೆಮ್ಮಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಕೆಮ್ಮಿನ ಬಾಟಲಿ ಹಿಡಿದು ವಾಪಸಾಗಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿ ಎಂದು ಕೇಳಿ ಮಾಡಿಸಿಕೊಳ್ಳಿ. ಪರೀಕ್ಷೆಗೂ ಹಣ ಕೊಡಬೇಕಿಲ್ಲ, ಮಾತ್ರೆಗೂ ಕೊಡಬೇಕಿಲ್ಲ, ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1000 ರೂಪಾಯಿ ನಿಮ್ಮ ಖಾತೆಗೆ ಬರಬೇಕು. ಚಿಕಿತ್ಸೆ ಶುರುವಾದ ಮೇಲೆ ಆರಾಮ ಅನಿಸಿದರೂ ವೈದ್ಯರು ಹೇಳುವವರೆಗೆ ಮಾತ್ರೆ ಬಿಡಬೇಡಿ.